ಯೂರಿಕ್ ಆಸಿಡ್‌ಗೆ ಬೇಳೆ ಸಾರು ಬಿಡ್ಬೇಕಾ?

ಅಪ್ಪಂಗೆ ಯೂರಿಕ್ ಆಸಿಡ್ 8.4 ಬಂದಿದೆ, ತೊಗರಿಬೇಳೆ, ಪಾಲಕ್ ಎಲ್ಲ ನಿಲ್ಲಿಸ್ಬೇಕಾ ಅಂತ ಕೇಳಿದ್ರಲ್ಲ, ಬೇಡ ಸಾರ್, ಪಾಪ ಸಾರು ಅನ್ನ ತಿನ್ಲಿ. ಬೇಳೆ ಸೊಪ್ಪಲ್ಲಿರೋ ಪ್ಯೂರಿನ್‌ನಿಂದ (ಮೈಯಲ್ಲಿ ಯೂರಿಕ್ ಆಸಿಡ್ ಆಗಿ ಬದಲಾಗೋ ಅಂಶ) ಗೌಟ್, ಅಂದ್ರೆ ಯೂರಿಕ್ ಆಸಿಡ್‌ನಿಂದ ಬರೋ ಕೀಲು ಊತ, ಅಷ್ಟಾಗಿ ಜಾಸ್ತಿ ಆಗಲ್ಲ, ನಿಜವಾದ ಕಳ್ಳರು ಬಿಯರ್ರು, ಲಿವರ್ರು, ಬೋಟಿ, ಬೂತಾಯಿ ಬಂಗುಡೆ ತರದ ಮೀನು, ಆಮೇಲೆ ಯಾರೂ ಲೆಕ್ಕಕ್ಕೇ ಇಟ್ಕೊಳ್ಳದ ಕೂಲ್‌ಡ್ರಿಂಕ್ಸು. ನಂಗೂ ಒಂದ್ಸಲ ಗೌಟ್ ಬಂದಿತ್ತು, ರಾತ್ರಿ 2 ಗಂಟೆಗೆ ಕಾಲಿನ ಹೆಬ್ಬೆರಳು ಟೊಮ್ಯಾಟೊ ಹಣ್ಣಿನ ತರ ಕೆಂಪಗೆ ಊದ್ಕೊಂಡು, ಹೊದಿಕೆ ತಾಗಿದ್ರೂ ಜೀವ ಹೋದಂಗೆ ಆಗ್ತಿತ್ತು. ರಕ್ತದಲ್ಲಿ ಯೂರಿಕ್ ಆಸಿಡ್ ಸುಮಾರು 6.8 ದಾಟಿದ್ರೆ ಕರಗದೆ ಸೂಜಿ ತರ ಹರಳಾಗಿ ಕೀಲಲ್ಲಿ ಕೂರುತ್ತೆ, ಅದಕ್ಕೇ ಗೌಟ್ ಇರೋರಿಗೆ ಡಾಕ್ಟ್ರು 6ಕ್ಕಿಂತ ಕಮ್ಮಿ ಇಡಿ ಅನ್ನೋದು. ಚೆನ್ನಾಗಿ ನೀರು ಕುಡೀಲಿ, ತೂಕ ಇದ್ರೆ ನಿಧಾನಕ್ಕೆ ಇಳಿಸ್ಲಿ, ಉಪವಾಸ ಗಿಪವಾಸ ಮಾಡಿ ಒಂದೇ ಸಲ ಇಳಿಸಕ್ಕೆ ಹೋದ್ರೆ ಉಲ್ಟಾ ಗೌಟ್ ಅಟ್ಯಾಕ್ ಬರಬಹುದು. ಊದಿದ್ದಾಗ ಬಟ್ಟೆ ಸುತ್ತಿ ಐಸ್ ಇಡಿ, ಎಣ್ಣೆ ಹಾಕಿ ತಿಕ್ಕಬೇಡಿ. ಅಂದಂಗೆ, ಇನ್ನೂ ಒಂದ್ಸಲಾನೂ ಊದಿಲ್ಲ, ಬರೀ ರಿಪೋರ್ಟಲ್ಲಿ ಜಾಸ್ತಿ ಇದೆ ಅಂದ್ರೆ ಹೆಚ್ಚಿನೋರಿಗೆ ಮಾತ್ರೆ ಬೇಕಾಗಲ್ಲ. ಬಿಪಿಗೆ ಏನಾದ್ರೂ ಮಾತ್ರೆ ತಗೋತಿದಾರಾ? ಮೂತ್ರ ಜಾಸ್ತಿ ಹೋಗಿಸೋ ಕೆಲವು ಮಾತ್ರೆಗಳಿಂದ್ಲೂ ಇದು ಏರುತ್ತೆ, ನೀವೇ ನಿಲ್ಲಿಸಬೇಡಿ, ಡಾಕ್ಟ್ರಿಗೆ ಚೀಟಿ ತೋರಿಸಿ.