ಗ್ರಂಥಋಣ ಯಾರಿಗೆ ಸಲ್ಲಬೇಕು?

ನಮಸ್ಕಾರ. ಅಕ್ಕಮಹಾದೇವಿಯ ವಚನಗಳಲ್ಲಿ ಬರುವ ಕಾಡನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಬರಹ ಚೆನ್ನಾಗಿದೆ. ಆದರೆ 'ಗ್ರಂಥಋಣ' ಎಂಬ ಕೊನೆಯ ಎರಡು ಪುಟಗಳನ್ನು, ಅಂದರೆ ನೀವು ಬಳಸಿದ ಪುಸ್ತಕಗಳ ಪಟ್ಟಿಯನ್ನು, ಹಾಗೆಯೇ ಅಚ್ಚಿಗೆ ಕೊಡಲಾರೆ.

'ಅಕ್ಕಮಹಾದೇವಿ, ಸಮಗ್ರ ವಚನ ಸಂಪುಟ, 1993' ಎಂದು ಬರೆದಿದ್ದೀರಿ. ಹನ್ನೆರಡನೆಯ ಶತಮಾನದ ಅಕ್ಕ ತಾನೇ ಬೆಂಗಳೂರಿಗೆ ಬಂದು ಹದಿನೈದು ಸಂಪುಟಗಳನ್ನು ಅಚ್ಚು ಹಾಕಿಸಿದಂತಿದೆ! ಅವಳ ವಚನಗಳಿರುವುದು ಆ ಮಾಲೆಯ ಐದನೆಯದಾದ ಶಿವಶರಣೆಯರ ವಚನಸಂಪುಟದಲ್ಲಿ, ಉಳಿದ ಶರಣೆಯರ ವಚನಗಳ ಜೊತೆಗೆ. ಅದರ ಸಂಪಾದಕರು ವೀರಣ್ಣ ರಾಜೂರ, ಮಾಲೆಯ ಪ್ರಧಾನ ಸಂಪಾದಕರು ಎಂ. ಎಂ. ಕಲಬುರ್ಗಿ. ಇಬ್ಬರ ಹೆಸರೂ ನಿಮ್ಮ ಆ ಸಾಲಿನಲ್ಲಿಲ್ಲ. ವಚನ ಅಕ್ಕನದೇ, ಆದರೆ ನಿಮ್ಮ ಕಣ್ಣಿಗೆ ಬಿದ್ದ ಪಾಠ, ಅಂದರೆ ಅದರ ಪದಗಳ ರೂಪ, ಸಂಪಾದಕರು ಆಯ್ದು ಕೊಟ್ಟದ್ದು. ನಿಮ್ಮ ವಾದವೆಲ್ಲ ಒಂದು ಪದದ ಮೇಲೆ ನಿಂತಿರುವಾಗ ಅವರನ್ನು ಬಿಡುವುದು ಹೇಗೆ? ಮೊದಲು ಅಕ್ಕನ ಹೆಸರು, ಆಮೇಲೆ ಸಂಪುಟದ ಹೆಸರು, ಸಂಪಾದಕರು, ಮಾಲೆ, ಪ್ರಕಾಶಕರು, ವರ್ಷ ಬರಲಿ. ಉದ್ಧರಿಸಿದ ಕಡೆ ಪುಟದ ಜೊತೆಗೆ ವಚನದ ಸಂಖ್ಯೆಯನ್ನೂ ಕೊಡಿ; ಬೇರೆ ಮುದ್ರಣ ಹಿಡಿದವರಿಗೆ ನಿಮ್ಮ ಪುಟಸಂಖ್ಯೆ ದಾರಿ ತೋರಿಸಲಾರದು.

ಇನ್ನು ನಿಮ್ಮ 'ಸಂ.' ಒಂದು ಸಾಲಿನಲ್ಲಿ ಸಂಪಾದಕ, ಮುಂದಿನ ಸಾಲಿನಲ್ಲಿ ಸಂಪುಟ, ಮತ್ತೊಂದು ಕಡೆ ಸಂಚಿಕೆ. ಪೂರ್ತಿ ಪದ ಬರೆದರೆ ಕಾಗದವೇನೂ ಖರ್ಚಾಗಿಬಿಡುವುದಿಲ್ಲ. ಕಲಬುರ್ಗಿಯವರ ಒಂದೇ ಪುಸ್ತಕ 'ಎ' ಕೆಳಗೊಮ್ಮೆ, 'ಕ' ಕೆಳಗೊಮ್ಮೆ ಬಂದಿದೆ. ಒಂದು ಕಡೆ ಸಾಕು.

ನನಗೆ ನಿಜಕ್ಕೂ ಬೇಸರ ತಂದ ಸಾಲು ಇದು: 'ಕಿಟೆಲ್ ನಿಘಂಟು, ಮಂಗಳೂರು, 1894, ಸಂಪುಟ 2.' ಮಂಗಳೂರಿನ ಆ ಮುದ್ರಣ ಒಂದೇ ಸಂಪುಟದ್ದು. ನಾಲ್ಕು ಸಂಪುಟಗಳಾಗಿ ಬಂದದ್ದು ಮರಿಯಪ್ಪ ಭಟ್ಟರು ಪರಿಷ್ಕರಿಸಿದ, ಮದರಾಸು ವಿಶ್ವವಿದ್ಯಾಲಯದ ಆವೃತ್ತಿ. ನೀವು ನೋಡಿದ್ದು ಅದನ್ನಾದರೆ ಅದನ್ನೇ ಹೇಳಿ. ಹಳೆಯ ಇಸವಿಯಿಂದ ಲೇಖನದ ತೂಕವೇನೂ ಹೆಚ್ಚುವುದಿಲ್ಲ. ಬೇರೆಯವರ ಅಡಿಟಿಪ್ಪಣಿಯಿಂದ ಎತ್ತಿಕೊಂಡಿದ್ದರೆ ಆ ಲೇಖಕರ ಹೆಸರು ಬರೆಯಿರಿ. ನಿಘಂಟಿಗೆ ಪುಟಸಂಖ್ಯೆಗಿಂತ ನೀವು ನೋಡಿದ ಪದವನ್ನೇ ಕೊಡುವುದು ಮೇಲು.

ಲೇಖನವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ತಿದ್ದಿದ ಪಟ್ಟಿ ನಿಧಾನವಾಗಿ ಬರಲಿ, ಕಿಟೆಲ್‌ನ ಯಾವ ಪ್ರತಿ ನೋಡಿದಿರಿ ಎಂಬುದನ್ನು ಮಾತ್ರ ಈ ವಾರವೇ ತಿಳಿಸಿ.