ಗ್ರೀಸ್ ಊಟ, ಕೈಯಲ್ಲಿ ಮೊಬೈಲ್: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮಾರ್ಚ್ ಕೊನೆಯ ವಾರ ನಾನು, ಮಗಳು, ನಮ್ಮ ಅತ್ತೆ ಮೂವರೂ ಅಥೆನ್ಸ್ ಮತ್ತು ಕ್ರೀಟ್‌ಗೆ ಹೊರಟಿದ್ದೇವೆ. ಅತ್ತೆಗೆ 72 ವರ್ಷ. ಹಾಲು, ಮೊಸರು ಆಗುತ್ತದೆ, ಮೊಟ್ಟೆ ಆಗುವುದಿಲ್ಲ. "ಮೆನು ಮೇಲೆ ಮೊಬೈಲ್ ಹಿಡಿದರೆ ಆ್ಯಪ್ ಎಲ್ಲಾ ಹೇಳುತ್ತೆ, ಚಿಂತೆ ಬಿಡಮ್ಮ" ಅಂತಾಳೆ ಮಗಳು. ಅಷ್ಟು ಸಾಕಾ? ಅತ್ತೆಯಂತೂ ಅವಲಕ್ಕಿ, ಚಟ್ನಿಪುಡಿಯಲ್ಲೇ ಹನ್ನೆರಡು ದಿನ ಕಳೆಯುತ್ತೇನೆ ಅಂತ ಹಟ ಹಿಡಿದಿದ್ದಾರೆ.
– ಎಸ್., ಶಿವಮೊಗ್ಗ

ಉತ್ತರ: ಎಸ್. ಅವರೇ, ಆ್ಯಪ್ ಬೇಕು. ಆದರೆ ಅದೊಂದೇ ಸಾಲದು. ಯಾಕೆ ಅಂತ ನನಗಾದ ಅನುಭವದಿಂದಲೇ ಹೇಳುತ್ತೇನೆ.

2019ರಲ್ಲಿ ನಾನು, ನಮ್ಮ ಯಜಮಾನರು ಗ್ರೀಸ್‌ನ ಥೆಸಲೊನಿಕಿ ನಗರಕ್ಕೆ ಹೋಗಿದ್ದೆವು. ಇಬ್ಬರೂ ಸಸ್ಯಾಹಾರಿಗಳು. ಒಂದು ಸಣ್ಣ ಹೋಟೆಲಿನಲ್ಲಿ ಮೆನು ಮೇಲೆ ಕ್ಯಾಮೆರಾ ಹಿಡಿದೆ. 'ತುಂಬಿದ ಟೊಮೆಟೊ' ಅಂತ ಬಂತು. ನಮ್ಮ ತುಂಬುಗಾಯಿ ಪಲ್ಯದ ಹಾಗೆ ಇರಬೇಕು ಅಂದುಕೊಂಡು ಖುಷಿಯಿಂದ ಹೇಳಿದೆ. ಯಜಮಾನರು ಎರಡು ಚಮಚ ತಿಂದ ಮೇಲೆ ಗೊತ್ತಾಯಿತು, ಅನ್ನದ ಜೊತೆ ಕೊಚ್ಚಿದ ಮಾಂಸ ಇತ್ತು. ಅವತ್ತು ರಾತ್ರಿ ಅವರು ಏನೂ ತಿನ್ನಲಿಲ್ಲ. ನನಗೂ ನಿದ್ದೆ ಬರಲಿಲ್ಲ.

ಆಮೇಲೆ ಯೋಚಿಸಿದೆ. ಆ್ಯಪ್ ತಪ್ಪು ಹೇಳಿರಲಿಲ್ಲ. ಆ ತಿಂಡಿಯ ಹೆಸರು 'ಯೆಮಿಸ್ತಾ'. ಹಾಗೆಂದರೆ 'ತುಂಬಿದ್ದು', ಅಷ್ಟೇ. ಒಳಗೆ ಏನು ತುಂಬಿದೆ ಅಂತ ಹೆಸರಿನಲ್ಲೇ ಇಲ್ಲ. ನಮ್ಮಲ್ಲೂ ಹಾಗೇ ಅಲ್ವಾ? ಚಿತ್ರಾನ್ನ ಅನ್ನೋ ಪದವನ್ನು ಬಿಡಿಸಿ ಅನುವಾದ ಮಾಡಿದರೆ ಚಿತ್ರ, ಅನ್ನ ಎರಡೂ ಸಿಗುತ್ತವೆ. ನಿಂಬೆಹಣ್ಣು, ಕಡಲೆಬೀಜ ಸಿಗುವುದಿಲ್ಲ. ಅಡುಗೆಯ ಹೆಸರು ಗೊತ್ತಾಗುವುದೇ ಬೇರೆ, ಅಡುಗೆ ಗೊತ್ತಾಗುವುದೇ ಬೇರೆ.

ಯೆಮಿಸ್ತಾದಲ್ಲಿ ಬರೀ ಅನ್ನ, ಸೊಪ್ಪು ತುಂಬಿದ್ದೂ ಇರುತ್ತದೆ. ಅದಕ್ಕೆ 'ಒರ್ಫಾನಾ' ಅಂತಾರೆ, ಅಂದರೆ 'ಅನಾಥ'. ಮಾಂಸ ಇಲ್ಲದ್ದು ಅನ್ನೋ ಅರ್ಥದಲ್ಲಿ. ಆ್ಯಪ್ 'ಅನಾಥ' ಅಂತ ತೋರಿಸಿದರೆ ಗಾಬರಿ ಬೇಡ, ನಿಮ್ಮ ಅತ್ತೆಗೆ ಬೇಕಾದದ್ದು ಅದೇ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೊಲ್ಮಾದೆಸ್‌ನಲ್ಲೂ ಎರಡು ಬಗೆ. 'ಯಾಲಾಂಜಿ' ಅಂದರೆ ಮಾಂಸ ಇಲ್ಲದ್ದು. ಅದು ತುರ್ಕಿಯ ಪದ, 'ಸುಳ್ಳುಗಾರ' ಅಂತ ಅರ್ಥ. 'ಹೋರ್ತಾ' ಅಂತ ಇದ್ದರೆ ಆ್ಯಪ್ 'ಹುಲ್ಲು' ಅಂತಲೂ ತೋರಿಸಬಹುದು. ಅದು ಬೇಯಿಸಿದ ಕಾಡುಸೊಪ್ಪು. ಮೇಲೆ ಆಲಿವ್ ಎಣ್ಣೆ, ನಿಂಬೆರಸ. ನನ್ನ ಮಟ್ಟಿಗೆ ಗ್ರೀಸ್‌ನಲ್ಲಿ ನಮ್ಮವರ ಹೊಟ್ಟೆಗೆ ಇದಕ್ಕಿಂತ ಹಿತವಾದದ್ದು ಇಲ್ಲ. 'ಪಾಪುತ್ಸಾಕ್ಯಾ' ಅಂದರೆ 'ಪುಟ್ಟ ಬೂಟುಗಳು'. ಅದು ಬದನೆಕಾಯಿ, ಆದರೆ ಸಾಮಾನ್ಯವಾಗಿ ಒಳಗೆ ಮಾಂಸ. ಅದು ಬೇಡ.

ಒಂದು ಪದ ಮಾತ್ರ ಮೂವರೂ ಬಾಯಿಪಾಠ ಮಾಡಿ: 'ಕಿಮಾಸ್'. ನಮ್ಮ ಪೇಟೆಯಲ್ಲಿ ಹೇಳುವ ಕೀಮಾನೇ ಅದು, ತುರ್ಕಿಯ ಮೂಲಕ ಗ್ರೀಸ್ ಸೇರಿದೆ. 'ಹೋರಿಸ್' ಅಂದರೆ 'ಇಲ್ಲದೆ'. 'ಹೋರಿಸ್ ಕಿಮಾ, ಹೋರಿಸ್ ಕ್ರೆಯಾಸ್, ಹೋರಿಸ್ ಅವ್ಗೊ': ಕೀಮಾ ಬೇಡ, ಮಾಂಸ ಬೇಡ, ಮೊಟ್ಟೆ ಬೇಡ. ಸೂಪ್ ತರಿಸಿದರೆ 'ಹೋರಿಸ್ ಜೊಮೊ' ಅಂತಲೂ ಕೇಳಿ. ಜೊಮೊ ಅಂದರೆ ಬೇಯಿಸಿದ ರಸ, ಅದು ಕೋಳಿಯದ್ದೂ ಆಗಿರಬಹುದು. 'ಅವ್ಗೊಲೆಮೊನೊ' ಅಂತ ಕಂಡರೆ ಬಿಟ್ಟುಬಿಡಿ, ಮೊಟ್ಟೆ, ನಿಂಬೆ ಸೇರಿಸಿ ಮಾಡಿದ್ದು.

ನೀವು ಹೋಗುವ ಸಮಯ ಮಾತ್ರ ಬಹಳ ಚೆನ್ನಾಗಿದೆ. ಈಸ್ಟರ್‌ಗೆ ಮುಂಚೆ ಅಲ್ಲಿ ಏಳು ವಾರ ಉಪವಾಸದ ಕಾಲ. ಅದನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ಮೆನುವಿನಲ್ಲಿ 'ನಿಸ್ತಿಸಿಮಾ' ಅಂತ ಹುಡುಕಿ. ಉಪವಾಸಕ್ಕೆ ಆಗುವ ಊಟ ಅಂತ ಅರ್ಥ. ಬೇಕರಿಯಲ್ಲೂ ಆ ಚೀಟಿ ಅಂಟಿಸಿರುತ್ತಾರೆ.

ಆದರೆ ಇಲ್ಲೇ ಎಚ್ಚರ ಬೇಕು. ಆ್ಯಪ್ 'ಉಪವಾಸದ ಊಟ' ಅಂತ ತೋರಿಸಿದ ಕೂಡಲೇ ನಮ್ಮ ಮನಸ್ಸಿಗೆ ಏಕಾದಶಿ ಫಲಾಹಾರ ಬರುತ್ತದೆ. ಅವರ ಲೆಕ್ಕ ಬೇರೆ. ರಕ್ತ ಇಲ್ಲದ ಜೀವಿಗಳು ಅಂತ ಸಿಗಡಿ, ಆಕ್ಟೋಪಸ್, ಕಲಾಮಾರಿ ಉಪವಾಸಕ್ಕೆ ನಡೆಯುತ್ತವೆ. ಹಾಗಾಗಿ ನಿಸ್ತಿಸಿಮಾ ಅಂದರೆ ಮೊಟ್ಟೆ ಇಲ್ಲ ಅನ್ನುವ ನೆಮ್ಮದಿ ಇರುತ್ತದೆ. ಸಮುದ್ರದ್ದು ಇದೆಯಾ ಅಂತ ಮತ್ತೆ ಕೇಳಲೇಬೇಕು. ಮಾರ್ಚ್ 25 ಅವರ ದೊಡ್ಡ ಹಬ್ಬ, ರಾಷ್ಟ್ರೀಯ ದಿನ ಕೂಡ. ಅವತ್ತು ಎಲ್ಲೆಲ್ಲೂ ಕರಿದ ಮೀನು, ಬೆಳ್ಳುಳ್ಳಿ ಹಾಕಿದ, ಚಟ್ನಿಯಂಥ ಸ್ಕೊರ್ದಾಲ್ಯಾ. ಅದೇ ಎಣ್ಣೆಯಲ್ಲಿ ಆಲೂಗಡ್ಡೆಯನ್ನೂ ಕರಿಯಬಹುದು. ಅವತ್ತೊಂದು ದಿನ ಅತ್ತೆಯವರ ಅವಲಕ್ಕಿ ತೆಗೆಯಿರಿ.

ಉಳಿದ ದಿನ ಮಧ್ಯಾಹ್ನ 'ಮಾಯಿರಿಯೊ' ಹುಡುಕಿ. ನಾನು ಹುಬ್ಬಳ್ಳಿಯವಳು, ನನಗೆ ಅದು ನಮ್ಮ ಖಾನಾವಳಿಯನ್ನೇ ನೆನಪಿಸಿತು. ಬೆಳಿಗ್ಗೆ ಮಾಡಿಟ್ಟ ಅಡುಗೆ ದೊಡ್ಡ ತಟ್ಟೆಗಳಲ್ಲಿ, ಪಾತ್ರೆಗಳಲ್ಲಿ ಎದುರಿಗೇ ಇರುತ್ತದೆ. ಅಥೆನ್ಸ್‌ನಲ್ಲಿ ಅಥಿನಾಸ್ ಬೀದಿಯ ದೊಡ್ಡ ಮಾರುಕಟ್ಟೆಯ ಸುತ್ತಮುತ್ತ ಇಂಥವು ಸಿಗುತ್ತವೆ. ಮಾಂಸದ ಅಂಗಡಿಗಳ ಸಾಲು ಅಲ್ಲೇ ಇದೆ, ಅತ್ತೆಯವರನ್ನು ಬೇರೆ ಕಡೆಯಿಂದ ಕರೆದುಕೊಂಡು ಹೋಗಿ. ಅಲ್ಲಿ 'ಲಾದೆರಾ' ಕೇಳಿ, ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿ ಅದು. ಫಾಸೊಲಾಕ್ಯಾ ಅಂದರೆ ಹುರುಳಿಕಾಯಿ, ಬಾಮ್ಯೆಸ್ ಅಂದರೆ ಬೆಂಡೆಕಾಯಿ, ರೆವಿಥ್ಯಾ ಅಂದರೆ ಕಡಲೆಕಾಳು, ಫಾಕೆಸ್ ಅಂದರೆ ಬೇಳೆಯ ಸೂಪ್. ಹೆಸರು ಮರೆತರೂ ಪಾತ್ರೆ ಕಡೆ ಬೆರಳು ತೋರಿಸಬಹುದು. ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಜಾಸ್ತಿ ಇರುತ್ತದೆ.

ಆ್ಯಪ್‌ನ ನಿಜವಾದ ಉಪಯೋಗ ಅಲ್ಲೇ. ಓದುವುದಕ್ಕಿಂತ ಮಾತಾಡುವುದಕ್ಕೆ ಅದನ್ನು ಬಳಸಿ. ಮನೆಯಲ್ಲೇ ಕೂತು ನಾಲ್ಕು ವಾಕ್ಯ ಬರೆದು ಗ್ರೀಕ್‌ಗೆ ತಿರುಗಿಸಿ ಉಳಿಸಿಕೊಳ್ಳಿ: 'ನಮ್ಮ ಅತ್ತೆ ಮಾಂಸ, ಮೀನು, ಸಿಗಡಿ, ಮೊಟ್ಟೆ ತಿನ್ನುವುದಿಲ್ಲ. ಹಾಲು, ಚೀಸ್ ತಿನ್ನುತ್ತಾರೆ.' ಬರೀ 'ಸಸ್ಯಾಹಾರಿ' ಅಂತ ಬರೆಯಬೇಡಿ, ಒಂದೊಂದನ್ನೂ ಬಿಡಿಸಿ ಹೇಳಿ. ಹೋಟೆಲಿನವರಿಗೆ ಪರದೆ ತೋರಿಸಿ, ಪಕ್ಕದಲ್ಲಿರುವ ಅತ್ತೆಯವರನ್ನೂ ತೋರಿಸಿ. ಹಿರಿಯರಿಗೆ ಅಂತ ಗೊತ್ತಾದರೆ ಎಷ್ಟೋ ಜನ ಒಳಗೆ ಹೋಗಿ ಅಡುಗೆಯವರನ್ನೇ ಕೇಳಿಕೊಂಡು ಬರುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕ್ಯಾಮೆರಾ ಹಿಡಿದರೆ ಅಕ್ಷರಗಳು ಕುಣಿಯುತ್ತವೆ, ಒಮ್ಮೆ ಒಂದು ಅರ್ಥ, ಇನ್ನೊಮ್ಮೆ ಬೇರೆ. ದ್ವೀಪಗಳಲ್ಲಿ ಇಂಟರ್‌ನೆಟ್ ಸಿಗದಿದ್ದರೆ ಏನು ಮಾಡೋದು?
– ಪಿ., ಬೆಂಗಳೂರು

ಉತ್ತರ: ಹೊರಡುವ ಮುಂಚೆ ಮನೆಯ ವೈಫೈನಲ್ಲೇ ಗ್ರೀಕ್ ಭಾಷೆಯನ್ನು ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ. ಮೆನುವಿನ ಫೋಟೊ ತೆಗೆದು, ಆ ಫೋಟೊವನ್ನು ಆ್ಯಪ್‌ಗೆ ಕೊಡಿ. ಕುಣಿತ ನಿಲ್ಲುತ್ತದೆ. ಇಂಗ್ಲಿಷ್ ಬಂದರೆ ಇಂಗ್ಲಿಷಿಗೇ ಅನುವಾದ ಮಾಡಿ. ಅಡುಗೆ ಪದಗಳಲ್ಲಿ ನನಗೆ ಕನ್ನಡಕ್ಕಿಂತ ಅದರಲ್ಲಿ ತಪ್ಪು ಕಡಿಮೆ ಕಂಡಿವೆ.

ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ಮಾತ್ರ ಫೋನ್ ಸರಿಯಾಗಿ ಓದುವುದಿಲ್ಲ. ದಿನದ ಒಳ್ಳೆ ಅಡುಗೆ ಅಲ್ಲೇ ಇರುತ್ತೆ ನೋಡಿ! ಅದಕ್ಕೆ ಅಕ್ಷರ ಕಲಿಯಿರಿ. ಇರೋದು 24 ಅಷ್ಟೇ. ನಮ್ಮ ವರ್ಣಮಾಲೆ ಕಲಿತವರಿಗೆ ಅದು ಯಾವ ಲೆಕ್ಕ? ಇಂಗ್ಲಿಷಿನ ಪಿ ತರಹ ಕಾಣುವುದು ಅಲ್ಲಿ 'ರ', ಎಚ್ ತರಹದ್ದು 'ಇ', ಬಿ ತರಹದ್ದು 'ವ'. ನಿಜವಾದ 'ಬ' ಬರೆಯಲು 'ಮ', 'ಪ' ಎರಡನ್ನೂ ಜೋಡಿಸುತ್ತಾರೆ. ಬಾಮ್ಯೆಸ್ ಶುರುವಾಗುವುದೇ ಹಾಗೆ. ವಿಮಾನದಲ್ಲಿ ಕೂತಿರುವಾಗ ಇಷ್ಟು ಕಲಿಯಬಹುದು.

ಇನ್ನೊಂದು ಮಾತು. 'ನೆ' ಅಂದರೆ ಅಲ್ಲಿ 'ಹೌದು'. ನಮ್ಮ ಕಿವಿಗೆ ಹಿಂದಿಯ 'ನಹೀ' ತರಹ ಕೇಳಿಸುತ್ತದೆ. 'ಓಹಿ' ಅಂದರೆ 'ಇಲ್ಲ'. ಕೆಲವರು ಬಾಯಿ ಬಿಡದೆ ಹುಬ್ಬು, ತಲೆ ಮೇಲಕ್ಕೆತ್ತುತ್ತಾರೆ, ಅದೂ 'ಇಲ್ಲ'. ನಾವು ತಲೆ ಆಡಿಸುವುದು ಅವರಿಗೆ ಅರ್ಥವಾಗುವುದಿಲ್ಲ. ಬಾಯಿಬಿಟ್ಟೇ ಹೇಳಿ.

ಪ್ರಶ್ನೆ: ಮೊಟ್ಟೆ ಇಲ್ಲದ ಸಿಹಿ ಏನಾದರೂ ಸಿಗುತ್ತದಾ?
– ಎಂ., ದಾವಣಗೆರೆ

ಉತ್ತರ: ಸಿಗುತ್ತದೆ. 'ಹಲ್ವಾಸ್ ಸಿಮಿಗ್ದಲೆನ್ಯೊಸ್' ಅಂತ ಕೇಳಿ. ರವೆಯ ಹಲ್ವಾ. ತುಪ್ಪ ಇಲ್ಲ, ಮೊಟ್ಟೆ ಇಲ್ಲ. ಎಣ್ಣೆಯಲ್ಲಿ ರವೆಯನ್ನು ಕೆಂಪಗೆ ಹುರಿದು, ದಾಲ್ಚಿನ್ನಿ ಹಾಕಿ ಕುದಿಸಿದ ಪಾಕ ಸುರಿದು, ಅಚ್ಚಿಗೆ ಹಾಕುತ್ತಾರೆ. ನಮ್ಮ ಶಿರಾದ ಅಕ್ಕ ಅನ್ನಿ.

ಮೊದಲ ಉತ್ತರದಲ್ಲಿ ಹೇಳಿದೆನಲ್ಲ, ಯಜಮಾನರು ಉಪವಾಸ ಮಲಗಿದ ಆ ರಾತ್ರಿಯ ಮಾರನೇ ದಿನ ನಮಗೆ ಇದು ಸಿಕ್ಕಿತು. ಒಬ್ಬ ವಯಸ್ಸಾದ ಹೆಂಗಸು ನಡೆಸುವ ಊಟದ ಮನೆಯಲ್ಲಿ. ನನ್ನ ಫೋನಿನಲ್ಲಿದ್ದ ಶಿರಾದ ಫೋಟೊ ತೋರಿಸಿದೆ. ಆಕೆ ನೋಡಿ ಜೋರಾಗಿ ನಕ್ಕು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಆ್ಯಪ್ ತೆರೆಯಲು ಹೋದೆ, ಬೇಡ ಅಂತ ಸನ್ನೆ ಮಾಡಿದರು. ಒಂದು ಲೋಟ ಎತ್ತಿ ಹಿಡಿದು, ಬೆರಳು ಮಡಿಸುತ್ತಾ ಹೇಳಿದರು. ಎನಾ, ಒಂದು ಲೋಟ ಎಣ್ಣೆ. ದಿಯೊ, ಎರಡು ಲೋಟ ರವೆ. ತ್ರಿಯಾ, ಮೂರು ಲೋಟ 'ಜಾಖರಿ'. ನಾನು "ಸಕ್ಕರೆ" ಅಂದೆ. ಆಕೆ ಹೌದು ಅಂತ ತಲೆಯಾಡಿಸಿದರು. ತೆಸ್ಸೆರಾ, ನಾಲ್ಕು ಲೋಟ 'ನೆರೊ'. ನಲ್ಲಿ ತಿರುಗಿಸಿ ತೋರಿಸಿದರು. "ನೀರು" ಅಂದೆ. ಯಜಮಾನರು ಹೊರಗೆ ಎರಡನೇ ತಟ್ಟೆ ಹಲ್ವಾ ತಿನ್ನುತ್ತಿದ್ದರು.