ಏಪ್ರಿಲ್ ಬ್ಯಾಚೋ, ಅಕ್ಟೋಬರ್ ಬ್ಯಾಚೋ?

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಜಪಾನಿನಲ್ಲೇ ಎಂಜಿನಿಯರಿಂಗ್ ಓದಬೇಕೆಂಬ ಹಟ, ಜಪಾನೀಸ್ ಮಾತ್ರ ಒಂದಕ್ಷರ ಬರಲ್ಲ. ಮೊದಲು ಟೋಕಿಯೊದ ಒಂದು ಭಾಷಾ ಶಾಲೆಗೆ ಅಕ್ಟೋಬರ್ ಬ್ಯಾಚಿಗೆ ಸೇರಿಸಿ, ಖರ್ಚೆಲ್ಲ ಪಾರ್ಟ್‌ಟೈಮ್ ಕೆಲಸದಲ್ಲೇ ಹುಟ್ಟುತ್ತೆ ಅಂತ ಏಜೆಂಟ್ ಹೇಳುತ್ತಿದ್ದಾರೆ. ನಂಬಬಹುದಾ?
– ಒಬ್ಬ ತಾಯಿ, ಹಾಸನ

ಉತ್ತರ: ಅಕ್ಟೋಬರ್ ಬೇಡಮ್ಮ. ಅಲ್ಲಿ ಯೂನಿವರ್ಸಿಟಿಗಳು ಬಹುಪಾಲು ಏಪ್ರಿಲ್‌ನಲ್ಲಿ ಶುರುವಾಗುತ್ತವೆ, ಹಾಗಾಗಿ ಅಕ್ಟೋಬರ್ ಬ್ಯಾಚಿನವರಿಗೆ ಸಿಗುವುದು ಒಂದೂವರೆ ವರ್ಷ. ಏಪ್ರಿಲ್‌ಗೆ ಸೇರಿದರೆ ಪೂರ್ತಿ 2 ವರ್ಷ, ಅದಕ್ಕಿಂತ ಜಾಸ್ತಿ ಭಾಷಾ ಶಾಲೆಯಲ್ಲಿ ಇರಲು ವೀಸಾ ಸಿಗುವುದಿಲ್ಲ. ಯೂನಿವರ್ಸಿಟಿ ಸೇರಲು ವಿದೇಶಿ ವಿದ್ಯಾರ್ಥಿಗಳು ಬರೆಯುವ ಇಜೆಯು ಪರೀಕ್ಷೆ ಜೂನ್ ಮತ್ತು ನವೆಂಬರ್‌ನಲ್ಲಿ ನಡೆಯುತ್ತೆ. ಅಕ್ಟೋಬರ್‌ನಲ್ಲಿ ಅಕ್ಷರ ತಿದ್ದಲು ಕೂತ ಹುಡುಗಿ ಜೂನ್‌ಗೆ ಜಪಾನೀಸಿನಲ್ಲಿ ಪ್ರಬಂಧ ಬರೆಯಬೇಕು ಅಂದ್ರೆ ಕಷ್ಟ ಅಲ್ವಾ?

ಶಾಲೆ ಆರಿಸುವಾಗ ಫೀಸು, ಹಾಸ್ಟೆಲ್ ಎಲ್ಲ ಆಮೇಲೆ. ಮೊದಲು ಇದನ್ನು ಕೇಳಿ: ಕಾಂಜಿ ಲಿಪಿ (ಜಪಾನೀಸಿನಲ್ಲಿ ಬಳಸುವ ಚೀನೀ ಮೂಲದ ಅಕ್ಷರಗಳು) ಗೊತ್ತಿಲ್ಲದ ದೇಶಗಳಿಂದ ಬಂದ ಮಕ್ಕಳು ಕಳೆದ ವರ್ಷ ಎಷ್ಟು ಜನ, ಯಾವ ಯೂನಿವರ್ಸಿಟಿಯ ಯಾವ ವಿಭಾಗಕ್ಕೆ ಹೋದರು? ಚೀನಾದ ಮಕ್ಕಳಿಗೆ ಆ ಅಕ್ಷರಗಳು ಚಿಕ್ಕಂದಿನಿಂದ ಗೊತ್ತು, ಅವರೇ ತುಂಬಿರುವ ಕ್ಲಾಸು ಅವರ ವೇಗಕ್ಕೇ ಓಡುತ್ತೆ, ನಮ್ಮವರು ಹಿಂದೆ ಬೀಳುತ್ತಾರೆ. ‘ನಮ್ಮ ಮಕ್ಕಳೆಲ್ಲ ಮುಂದೆ ಓದೋಕೆ ಹೋದರು’ ಅನ್ನುವ ಮಾತಿಗೂ ಮರುಳಾಗಬೇಡಿ. ಆ ಲೆಕ್ಕದಲ್ಲಿ ‘ಸೆನ್ಮೊನ್ ಗಕ್ಕೊ’ ಎಂಬ ವೃತ್ತಿ ಕಾಲೇಜುಗಳೂ ಸೇರಿರುತ್ತವೆ. ಅವು ಕೆಟ್ಟವೇನಲ್ಲ, ಆದರೆ ನಿಮ್ಮ ಮಗಳು ಕೇಳುತ್ತಿರುವುದು ನಾಲ್ಕು ವರ್ಷದ ಡಿಗ್ರಿ.

ಇನ್ನೊಂದು ವಿಷಯ. ಎಂಜಿನಿಯರಿಂಗ್‌ಗೆ ಇಜೆಯುನಲ್ಲಿ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿಯೂ ಬೇಕಾಗುತ್ತೆ. ಎಷ್ಟೋ ಶಾಲೆಗಳಲ್ಲಿ ವಾರಕ್ಕೆ 20 ಗಂಟೆ, ಅರ್ಧ ದಿನದ ಕ್ಲಾಸು, ಬರೀ ಭಾಷೆ. ಇಜೆಯು ನಡೆಸುವ ಜಾಸ್ಸೊ ಸಂಸ್ಥೆಗೇ ಟೋಕಿಯೊ ಮತ್ತು ಒಸಾಕಾದಲ್ಲಿ ಸ್ವಂತ ಶಾಲೆಗಳಿವೆ, ಅಲ್ಲಿ ಈ ವಿಷಯಗಳನ್ನೂ ಕಲಿಸುತ್ತಾರೆ. ನಾನಾದ್ರೆ ಮೊದಲು ಅಲ್ಲಿಗೇ ಅರ್ಜಿ ಹಾಕಿಸುತ್ತಿದ್ದೆ. ಬೇರೆ ಶಾಲೆಯಾದರೆ, 2024ರ ಏಪ್ರಿಲ್‌ನಲ್ಲಿ ಬಂದ ಹೊಸ ಕಾನೂನಿನಡಿ ಶಿಕ್ಷಣ ಸಚಿವಾಲಯದ ಮಾನ್ಯತೆ ಸಿಕ್ಕಿದೆಯಾ ಅಂತ ವಿಚಾರಿಸಿ.

ಕೆಲಸದ ಮಾತು ಅರ್ಧ ನಿಜ. ಪರ್ಮಿಷನ್ ತೆಗೆದುಕೊಂಡು ವಾರಕ್ಕೆ 28 ಗಂಟೆ ದುಡಿಯಬಹುದು. ಅದರಲ್ಲಿ ಬಾಡಿಗೆ, ಊಟ ಹೆಚ್ಚುಕಮ್ಮಿ ಸರಿಹೋಗಬಹುದು. ವರ್ಷಕ್ಕೆ ಏಳೆಂಟು ಲಕ್ಷ ಯೆನ್ ಫೀಸು ಮಾತ್ರ ನೀವೇ ಕಟ್ಟಬೇಕು. ರಾತ್ರಿಯೆಲ್ಲ ಬೆಂತೊ ಫ್ಯಾಕ್ಟರಿಯಲ್ಲಿ ಊಟದ ಡಬ್ಬಿಗೆ ಅನ್ನ ತುಂಬಿ ಬೆಳಿಗ್ಗೆ ಒಂಬತ್ತಕ್ಕೆ ಕ್ಲಾಸಿನಲ್ಲಿ ತೂಕಡಿಸುವವರು ಅಲ್ಲಿ ಬೇಕಾದಷ್ಟು ಜನ. ಹಾಜರಿ ಇಳಿದರೆ ವೀಸಾ ರಿನ್ಯೂವಲ್‌ಗೇ ಕಲ್ಲು ಬೀಳುತ್ತೆ.

ಪ್ರಶ್ನೆ: ಭಾಷಾ ಶಾಲೆಯ ಗೋಜೇ ಇಲ್ಲದೆ ಡಿಗ್ರಿಗೆ ಹೋಗೋಕಾಗಲ್ವಾ?
– ಓದುಗ, ಶಿವಮೊಗ್ಗ

ಉತ್ತರ: ಆಗುತ್ತೆ. ನಗೋಯಾ ಯೂನಿವರ್ಸಿಟಿಯಂಥ ಕಡೆ ಇಂಗ್ಲಿಷಿನಲ್ಲೇ ಎಂಜಿನಿಯರಿಂಗ್ ಇದೆ, ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ ಸಿಕ್ಕರಂತೂ ಮೊದಲ ವರ್ಷದ ಭಾಷಾ ತರಬೇತಿಯೂ ಅವರ ಖರ್ಚಿನಲ್ಲೇ. ಬೆಂಗಳೂರಿನ ಜಪಾನ್ ಕಾನ್ಸುಲೇಟ್‌ನಲ್ಲಿ ವಿಚಾರಿಸಿ. ಯಾವ ದಾರಿ ಹಿಡಿದರೂ ಜಪಾನೀಸ್ ಎಷ್ಟು ಬರುತ್ತೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆ ಬೆಂಗಳೂರಲ್ಲೇ ಬರೆಯಬಹುದು. ಹಾಸನದ ತಾಯಿಯವರ ಮಗಳೂ ಏಪ್ರಿಲ್ ಬರುವಷ್ಟರಲ್ಲಿ ಅದರ ಮೊದಲ ಹಂತ ಎನ್5, ಸಾಧ್ಯವಾದರೆ ಮುಂದಿನ ಹಂತ ಎನ್4 ಮುಗಿಸಿಕೊಳ್ಳಲಿ. ಏಪ್ರಿಲ್ ಬ್ಯಾಚಿನ ಅರ್ಜಿಗಳು ಹಿಂದಿನ ವರ್ಷದ ನವೆಂಬರ್ ಹೊತ್ತಿಗೇ ಮುಗಿದುಹೋಗುತ್ತವೆ, ಕೆಲವು ಕಡೆ ಇನ್ನೂ ಮುಂಚೆ.